ಲೈಬ್ರರಿ ಕೆಡವಿ ಕಟ್ಟುವುದಕ್ಕೆ ಇಷ್ಟು ಜಗಳ ಯಾಕೆ? ಕಾಸರಗೋಡಿನಿಂದ ಒಂದು ಉತ್ತರ

ನಮ್ಮ ಊರಿನ ಲೈಬ್ರರಿ ಕೆಡವಿ ಹೊಸದು ಕಟ್ಟುವುದಕ್ಕೆ ಇಷ್ಟು ಜಗಳ ಯಾಕೆ ಅಂತ ನೀವು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕೂತು ನೋಡಿದರೆ ನಿಮ್ಮ ಪ್ರಶ್ನೆ ಸರಿಯೇ. ಹಳೇ ಹಂಚಿನ ಕಟ್ಟಡ, ಮಳೆಗಾಲದಲ್ಲಿ ಸೋರುತ್ತದೆ. ಮೂರು ಮಾಳಿಗೆಯ ಹೊಸ ಕಟ್ಟಡಕ್ಕೆ ಪಂಚಾಯತಿಯವರೇ ದುಡ್ಡು ಹಾಕುತ್ತಾರಂತೆ. ಮತ್ತೆ ಊರವರು ಯಾಕೆ ಕಚ್ಚಾಡಬೇಕು? ಇದು ಕನ್ನಡ–ಮಲಯಾಳ ಜಗಳ ಇರಬೇಕು ಅಂತ ನೀವೇ ಒಂದು ಊಹೆಯನ್ನೂ ಮಾಡಿಬಿಟ್ಟಿದ್ದೀರಿ. ಅಷ್ಟು ಸುಲಭ ಇದ್ದಿದ್ದರೆ ಎಂದೋ ಬಗೆಹರಿಯುತ್ತಿತ್ತು ಮಾರಾಯ್ರೆ.

ನಿಮ್ಮಲ್ಲಿ ಲೈಬ್ರರಿ ಅಂದರೆ ಸರಕಾರದ್ದು. 1965ರ ಕಾಯ್ದೆ, ಅದಕ್ಕೊಂದು ಇಲಾಖೆ. ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಇಲ್ಲಿ ಕೇರಳದಲ್ಲೂ ಕರ ಉಂಟು, ಕಟ್ಟಡ ತೆರಿಗೆಯ ಮೇಲೆ ಶೇ. 5. ಆದರೆ ಹಳ್ಳಿಗಳಲ್ಲಿ ಲೈಬ್ರರಿ ನಡೆಸುವುದು ಊರವರೇ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ತಿರುವಾಂಕೂರು ಸಂಸ್ಥಾನದ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು. ನಾವು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿದ್ದೆವು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ ಮೇಲೆ ಈ ಪದ್ಧತಿಯೂ ನಮ್ಮದಾಯಿತು. ಈಗ ಎಲ್ಲ ನಡೆಯುವುದು ಕೇರಳದ 1989ರ ಗ್ರಂಥಾಲಯ ಕಾಯ್ದೆಯ ಪ್ರಕಾರ. ಸದಸ್ಯರು ಚಂದಾ ಕೊಡುತ್ತಾರೆ, ಮಹಾಸಭೆ ಸೇರಿ ಸಮಿತಿಯನ್ನು ಆರಿಸುತ್ತಾರೆ. ಆ ಕಾಯ್ದೆಯ ಪ್ರಕಾರ ಇರುವ ಲೈಬ್ರರಿ ಕೌನ್ಸಿಲ್ ಗ್ರೇಡ್ ಕೊಡುತ್ತದೆ, ಗ್ರೇಡ್ ನೋಡಿ ಗ್ರಾಂಟ್ ಬರುತ್ತದೆ. ಲೈಬ್ರರಿಯನ್ನಿಗೆ ಸಿಗುವುದು ಸಣ್ಣ ಗೌರವಧನ. ಸಮಿತಿ ಚುನಾವಣೆಯಲ್ಲಿ ಪಾರ್ಟಿ ಇಲ್ಲವೇ ಅಂದರೆ, ಕೇರಳದಲ್ಲಿ ಪಾರ್ಟಿ ಇಲ್ಲದ ಜಾಗ ಯಾವುದು ಹೇಳಿ!

ನಮ್ಮ ಊರಿನ ಲೈಬ್ರರಿಯ ಜಾಗ ಹಿಂದೆ ಒಂದು ಮನೆಯವರು ಬಿಟ್ಟುಕೊಟ್ಟದ್ದು. ಕೆಂಪುಕಲ್ಲು ಹೊತ್ತದ್ದು ಊರವರು. ಇಂಥವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇಲ್ಲೇ ಇದ್ದಾರೆ. ಸಭೆಯಲ್ಲಿ "ನಮ್ಮ ಅಜ್ಜ ಹೊತ್ತ ಕಲ್ಲು" ಅಂತ ಒಬ್ಬರು ಎದ್ದು ನಿಂತರೆ ಇಂಜಿನಿಯರ್ ತಂದ ನಕ್ಷೆಗೆ ಬೆಲೆಯೇ ಇರುವುದಿಲ್ಲ.

ಇನ್ನೊಂದು ವಿಷಯ. ಅಲ್ಲಿ ಪುಸ್ತಕ ಮಾತ್ರ ಇರುವುದಲ್ಲ. ಲೈಬ್ರರಿಯ ಜೊತೆಗೇ ಆರ್ಟ್ಸ್ ಆ್ಯಂಡ್ ಸ್ಪೋರ್ಟ್ಸ್ ಕ್ಲಬ್ ಉಂಟು. ಜಗಲಿಯಲ್ಲಿ ಕೇರಂ ಬೋರ್ಡ್, ಎದುರಿನ ಬಯಲಿನಲ್ಲಿ ವಾಲಿಬಾಲ್ ನೆಟ್ಟು. ಕಬಡ್ಡಿಯಂತೂ ನಮ್ಮ ಜಿಲ್ಲೆಯವರಿಗೆ ಹುಚ್ಚು. ಓಣಂಗೆ ಹಗ್ಗ ಜಗ್ಗಾಟ ಅಲ್ಲೇ, ಯಕ್ಷಗಾನ ಬಯಲಾಟಕ್ಕೂ ಅದೇ ಬಯಲು. ಒಳಗಿನ ಕೋಣೆಯಲ್ಲಿ ಭಾನುವಾರ ಪಿಎಸ್‌ಸಿ, ಅಂದರೆ ಸರಕಾರಿ ಕೆಲಸದ ಪರೀಕ್ಷೆಯ ತರಗತಿ. ಮಳೆಗಾಲದಲ್ಲಿ ತಾಳಮದ್ದಲೆಯೂ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಆಗುತ್ತದೆ. ಅಂದು ಕೇರಂ ಆಡುವ ಹುಡುಗರಿಗೂ ಅದರಲ್ಲಿ ಮಾತಾಡುವ ಅರ್ಥಧಾರಿಗಳಿಗೂ ಸಣ್ಣ ಕಿರಿಕಿರಿ ಇದ್ದದ್ದೇ.

ಈಗ ಯಾಕೆ ಶುರುವಾಯಿತು ಅಂದರೆ, ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ ಮಾಡಿದರು. ರಸ್ತೆ ಬದಿಯ ಅಂಗಡಿಗಳು ಎಷ್ಟೋ ಹೋದವು. ಉಳಿದ ಜಾಗಕ್ಕೆ ಬೆಲೆ ಏರಿತು. ಹಾಗಾಗಿ ಯೋಜನೆಯಲ್ಲಿ ಕೆಳಗೆ ಬಾಡಿಗೆ ಅಂಗಡಿ, ನಡುವೆ ಲೈಬ್ರರಿ, ಮೇಲೆ ಹಾಲ್. ಬಯಲಿನಲ್ಲಿ ಅರ್ಧ ಪಾರ್ಕಿಂಗ್, ಇನ್ನರ್ಧ ಟರ್ಫ್. ಟರ್ಫ್ ಅಂದರೆ ಗೊತ್ತಲ್ವಾ, ಪ್ಲಾಸ್ಟಿಕ್ ಹುಲ್ಲು, ಸುತ್ತ ಬಲೆ, ಗಂಟೆಗೆ ಇಷ್ಟು ಅಂತ ಬಾಡಿಗೆ.

ಯಾರು ಯಾವ ಕಡೆ ಅಂತ ನೋಡಿದರೆ ನಿಮ್ಮ ಊಹೆ ನಿಲ್ಲುವುದಿಲ್ಲ. ಟರ್ಫ್ ಬೇಕು ಅನ್ನುವ ಹುಡುಗರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ ಎಲ್ಲ ಮನೆಯವರೂ ಇದ್ದಾರೆ. ಅವರಿಗೆ ರಾತ್ರಿ ಲೈಟ್ ಹಾಕಿ ಆಡಬೇಕು. ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಗುಂಪುಗಳು) ಹೆಂಗಸರಿಗೆ ಸ್ವಂತದ್ದೊಂದು ಕೋಣೆ ಮತ್ತು ಶೌಚಾಲಯ ಬೇಕು. ಹಳೇ ಕಟ್ಟಡದಲ್ಲಿ ಅದಿಲ್ಲ. ಅದಕ್ಕೆ ಅವರೂ ಹೊಸದರ ಕಡೆ, ಮತ್ತು ನನ್ನ ಪ್ರಕಾರ ಎಲ್ಲರಿಗಿಂತ ನ್ಯಾಯವಾದ ಬೇಡಿಕೆ ಅವರದ್ದೇ. ಬೇಡ ಅನ್ನುವವರಲ್ಲಿ ಮುಂದೆ ನಿಂತವರು ಮಲಯಾಳ ಮೇಷ್ಟ್ರೊಬ್ಬರು. ಬೆಳಿಗ್ಗೆ ಪೇಪರ್ ಓದಲು ಬರುವ ಅಜ್ಜಂದಿರು ಮೆಟ್ಟಿಲು ಹತ್ತುವುದು ಹೇಗೆ ಅಂತ ಅವರ ಪ್ರಶ್ನೆ. ದುಡ್ಡಿಲ್ಲದ ಹುಡುಗರು ಎಲ್ಲಿ ಆಡಬೇಕು ಅಂತಲೂ ಕೇಳಿದರು. ಇದಕ್ಕೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ. ಲಿಫ್ಟ್ ಹಾಕಿಸುತ್ತೇವೆ ಅಂದರು. ಲಿಫ್ಟಿನ ಕರೆಂಟ್ ಬಿಲ್ ಯಾರು ಕಟ್ಟುವುದು ಅಂದಾಗ ಸಭೆಯೇ ನಕ್ಕಿತು.

ನಿಜವಾದ ಗಂಟು ಇರುವುದು ಜಾಗದ ಕಾಗದದಲ್ಲಿ. ಪಂಚಾಯತಿ ದುಡ್ಡು ಹಾಕಬೇಕಾದರೆ ಜಾಗ ಪಂಚಾಯತಿ ಹೆಸರಿಗೆ ಬರಬೇಕಂತೆ. ಆಮೇಲೆ ಹಾಲ್ ಬಾಡಿಗೆ ಯಾರಿಗೆ? ಬಾಗಿಲು ತೆರೆಯುವ ಹೊತ್ತು ಯಾರು ಹೇಳುವುದು? ಸಮಿತಿ ಅಲ್ಲಿ ಮಾಲೀಕನಾ, ಬಾಡಿಗೆದಾರನಾ?

ಕನ್ನಡದ ಮಾತು ಬರುವುದು ಇಲ್ಲಿ. ಭಯ ಸುಮ್ನೆ ಹುಟ್ಟಿದ್ದಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇಲ್ಲಿಯ ಕನ್ನಡಿಗರು ಬೀದಿಗಿಳಿದಿದ್ದರು. ಹಾಗಾಗಿ ಏನೇ ಬದಲಾವಣೆ ಅಂದರೂ ಮೊದಲು ಬರುವ ಪ್ರಶ್ನೆ, ನಮ್ಮ ಕಪಾಟು ಎಲ್ಲಿ ಇಡುತ್ತೀರಿ ಅಂತ. ಹಳೇ ಕಟ್ಟಡದಲ್ಲಿ ಕನ್ನಡದ ಕಪಾಟು ಬಾಗಿಲ ಪಕ್ಕ ಉಂಟು. ಹೊಸ ನಕ್ಷೆಯಲ್ಲಿ ಕಪಾಟುಗಳ ಲೆಕ್ಕವೇ ಇಲ್ಲ.

ಆದರೆ ನಮ್ಮವರ ತಪ್ಪನ್ನೂ ಹೇಳಬೇಕು. ಗ್ರೇಡ್ ಕೊಡಲು ಬರುವವರು ರಿಜಿಸ್ಟರ್ ನೋಡುತ್ತಾರೆ. ಎಷ್ಟು ಸದಸ್ಯರು, ಎಷ್ಟು ಪುಸ್ತಕ ಹೊರಗೆ ಹೋಗಿದೆ, ಏನು ಕಾರ್ಯಕ್ರಮ ನಡೆದಿದೆ. ನಮ್ಮವರು ಬಂದು 'ಉದಯವಾಣಿ' ಓದಿ, ರಾಜಕೀಯ ಮಾತಾಡಿ, ಹೋಗುತ್ತಾರೆ. ಪುಸ್ತಕ ಮನೆಗೆ ಒಯ್ಯುವುದು ಕಡಿಮೆ. ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಓದುಗರಿಗೋಸ್ಕರ ಹೊಸ ಕನ್ನಡ ಪುಸ್ತಕ ತನ್ನಿ ಅಂದರೆ ಸಮಿತಿಯವರು ಮುಖ ನೋಡುತ್ತಾರೆ. ಗ್ರಾಂಟಿನಲ್ಲಿ ಪುಸ್ತಕ ಕೊಳ್ಳುವ ಮೇಳಗಳಲ್ಲಿ ಕನ್ನಡದ್ದು ಸಿಗುವುದೂ ಕಡಿಮೆ. ಬೇಕಾದ್ದನ್ನು ಯಾರಾದರೂ ಮಂಗಳೂರಿಗೆ ಹೋದಾಗ ತರಬೇಕು.

ನನ್ನನ್ನು ಕೇಳಿದರೆ, ಕಟ್ಟಲಿ. ಸೋರುವ ಮಾಡಿನ ಕೆಳಗೆ ಪುಸ್ತಕ ಇಟ್ಟು ಪರಂಪರೆ ಅನ್ನುವುದರಲ್ಲಿ ಅರ್ಥ ಇಲ್ಲ. ಆದರೆ ಓದುವ ಕೋಣೆ ನೆಲಮಾಳಿಗೆಯಲ್ಲಲ್ಲ, ಮೇಲೂ ಅಲ್ಲ, ರಸ್ತೆಯಿಂದ ನೇರ ಕಾಲಿಡುವ ಮಟ್ಟದಲ್ಲಿರಬೇಕು. ಅಂಗಡಿ ಬೇಕಾದರೆ ಮೇಲೆ ಹೋಗಲಿ. ಬಯಲಿನ ಒಂದು ಭಾಗ ಬಾಡಿಗೆ ಇಲ್ಲದೆ ಉಳಿಯಬೇಕು. ಇದೆಲ್ಲ ಭಾಷಣದಲ್ಲಿ ಸಾಲದು, ಜಾಗ ಬಿಟ್ಟುಕೊಡುವ ಪತ್ರದಲ್ಲೇ ಬರೆಸಬೇಕು. ಕನ್ನಡ ಪೇಪರ್, ಕನ್ನಡ ಕಪಾಟು ಅಂತಲೂ ಅದರಲ್ಲಿ ಒಂದು ಸಾಲು.

ನೀವು ಬೆಂಗಳೂರಿನಿಂದ ಸಹಿ ಸಂಗ್ರಹ ಮಾಡಿ ಕಳಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹೊರಗಿನ ಸಹಿ ಬಂದ ದಿನ ಇದು ನಿಜವಾಗಿಯೂ ಭಾಷೆಯ ಜಗಳ ಆಗುತ್ತದೆ, ಮೇಷ್ಟ್ರು ನಮ್ಮ ಜೊತೆ ನಿಲ್ಲುವುದೂ ಕಷ್ಟ. ಏನಾದರೂ ಮಾಡಲೇಬೇಕು ಅಂದರೆ ಮಕ್ಕಳ ಕನ್ನಡ ಪುಸ್ತಕ ಕಳಿಸಿ. ಹೊಸತು, ಚಿತ್ರ ಇರುವಂಥದ್ದು. ಹಳೇ ಗೈಡು, ಡೈರಿ, ಮದುವೆಯಲ್ಲಿ ಹಂಚಿದ ಸ್ತೋತ್ರದ ಪುಸ್ತಕ ಬೇಡ, ಅವು ಈಗಾಗಲೇ ಎರಡು ಪೆಟ್ಟಿಗೆ ತುಂಬ ಉಂಟು.