ಸಬ್‌ಫಿಗರ್ ಗುಂಪಿನ ಪಕ್ಕದಲ್ಲಿ ಕ್ಯಾಪ್ಷನ್: ಎರಡು ಮಿನಿಪೇಜ್ ಸಾಕು

ಲೇಟೆಕ್‌ನಲ್ಲಿ (ಕೋಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ನಾಲ್ಕು ಗ್ರಾಫ್‌ಗಳ ಬಲಕ್ಕೆ ಕ್ಯಾಪ್ಷನ್ ಇಟ್ಟರೆ ಕೆಳಗೆ ಜಾರುತ್ತಿದೆ, ಸೈಡ್‌ಕ್ಯಾಪ್ ಪ್ಯಾಕೇಜ್ ಹಾಕಲೋ ಫ್ಲೋಟ್‌ರೋ ಪ್ಯಾಕೇಜ್ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನನ್ನ ಥೀಸಿಸ್‌ನಲ್ಲೂ ಹೀಗೇ ಆಗಿತ್ತು. ತಪ್ಪು ಇದ್ದದ್ದು ಮಿನಿಪೇಜಿಗೆ (ಪುಟದೊಳಗಿನ ಪುಟ್ಟ ಚೌಕಟ್ಟು) ನಾನು ಕೊಟ್ಟ ಒಂದೇ ಅಕ್ಷರದಲ್ಲಿ.

ಗ್ರಾಫ್‌ಗಳಿಗೊಂದು, ಕ್ಯಾಪ್ಷನ್ನಿಗೊಂದು ಮಿನಿಪೇಜ್ ಮಾಡಿ, ಎರಡಕ್ಕೂ, ಒಳಗಿನ ಸಬ್‌ಫಿಗರ್‌ಗಳಿಗೂ (ಉಪಚಿತ್ರಗಳು), ಎಲ್ಲಕ್ಕೂ ‘ಟಿ’ ಕೊಟ್ಟಿದ್ದೆ. ಟಿ ಅಂದರೆ ಟಾಪ್, ತಲೆಗಳು ಒಂದೇ ಮಟ್ಟಕ್ಕೆ ಬರುತ್ತವೆ ಅಂದುಕೊಂಡಿದ್ದೆ. ಟಿ ಜೋಡಿಸುವುದು ತಲೆಗಳನ್ನಲ್ಲ, ಮೊದಲ ಸಾಲಿನ ಬೇಸ್‌ಲೈನನ್ನು, ಅಂದರೆ ಅಕ್ಷರಗಳು ಕೂರುವ ಗೆರೆಯನ್ನು. ಲೇಟೆಕ್ ಲೆಕ್ಕದಲ್ಲಿ ಚಿತ್ರ ಅಂದರೆ ಒಂದು ದೊಡ್ಡ ಅಕ್ಷರ, ಅದರ ಬೇಸ್‌ಲೈನ್ ಚಿತ್ರದ ಬುಡದಲ್ಲಿದೆ. ಅಂದರೆ ಮೇಲಿನ ಸಾಲಿನ ಗ್ರಾಫ್‌ಗಳು ಮುಗಿಯುವಲ್ಲಿ ಕ್ಯಾಪ್ಷನ್ ಶುರು. ಸಾಲದ್ದಕ್ಕೆ ಆರ್ಟಿಕಲ್ ಕ್ಲಾಸು (ಲೇಟೆಕ್‌ನ ಸಿದ್ಧ ವಿನ್ಯಾಸ) ಕ್ಯಾಪ್ಷನ್ ಮೇಲೆ ಇನ್ನೂ 10 ಪಾಯಿಂಟ್ ಖಾಲಿ ಬಿಡುತ್ತದೆ.

ಇದು ಗೊತ್ತಿಲ್ಲದೆ ಪ್ರತಿ ಚಿತ್ರಕ್ಕೂ ಕಣ್ಣಂದಾಜಿನಲ್ಲಿ ಮೈನಸ್ ವಿಸ್ಪೇಸ್ (ಮೇಲೆ-ಕೆಳಗಿನ ಅಂತರ) ಕೊಟ್ಟು ಕ್ಯಾಪ್ಷನ್ನನ್ನು ಮೇಲಕ್ಕೆಳೆದೆ. ಆಮೇಲೆ ಮಲ್ಲೇಶ್ವರದ ಬೈಂಡಿಂಗ್ ಅಂಗಡಿಯಲ್ಲಿ ಹೊಲಿಗೆಗೆ ಜಾಗ ಬೇಕೆಂದರು, ಎಡ ಅಂಚನ್ನು 25ರಿಂದ 40 ಮಿ.ಮೀ.ಗೆ ಏರಿಸಿದೆ. ಸಾಲಿನ ಅಗಲ ಕುಗ್ಗಿತು, ಅದರ ಜೊತೆ ಚಿತ್ರಗಳ ಎತ್ತರವೂ ಕುಗ್ಗಿತು. ಮಿಲಿಮೀಟರಿನಲ್ಲಿ ಬರೆದ ವಿಸ್ಪೇಸ್ ಮಾತ್ರ ಇದ್ದಷ್ಟೇ ಇತ್ತು. ಕ್ಯಾಪ್ಷನ್‌ಗಳು ಚಿತ್ರದ ತಲೆ ದಾಟಿ ಮೇಲಿನ ಪಠ್ಯಕ್ಕೆ ತಾಗಿದವು. ಎಲ್ಲ ಪ್ರತಿಗಳನ್ನೂ ಮತ್ತೆ ಪ್ರಿಂಟ್ ಹಾಕಿಸಬೇಕಾಯಿತು.

ಸರಿಯಾದ ದಾರಿ ಇದು. ಗ್ರಾಫಿಕ್ಸ್-ಎಕ್ಸ್ ಮತ್ತು ಸಬ್‌ಕ್ಯಾಪ್ಷನ್ ಪ್ಯಾಕೇಜ್ ಹಾಕಿಕೊಳ್ಳಿ. ಫಿಗರ್ ಒಳಗೆ ಚಿತ್ರಗಳಿಗೆ ಮೊದಲ ಮಿನಿಪೇಜ್ 0.66 ಲೈನ್‌ವಿಡ್ತ್ (ಸಾಲಿನ ಅಗಲ), ನಡುವೆ ಎಚ್‌ಫಿಲ್ (ಉಳಿದ ಜಾಗ ತುಂಬುವ ಅಂತರ), ಕ್ಯಾಪ್ಷನ್ನಿಗೆ ಎರಡನೆಯದು 0.30. ಮೊದಲನೆಯದರೊಳಗೆ ಒಂದೊಂದು ಸಬ್‌ಫಿಗರ್ 0.48 ಲೈನ್‌ವಿಡ್ತ್, ಚಿತ್ರದ ಅಗಲ ಪೂರ್ತಿ ಲೈನ್‌ವಿಡ್ತ್. 0.66ಕ್ಕೆ 0.34 ಕೂಡಿಸಿ ಸರಿಯಾಗಿ 1 ಮಾಡಲು ಹೋಗಬೇಡಿ: ಕೋಡಿನಲ್ಲಿ ಸಾಲು ಮುರಿದ ಕಡೆ ಒಂದು ಸ್ಪೇಸ್ ಸೇರುತ್ತದೆ, ಮೊತ್ತ 1 ದಾಟಿ ಎರಡನೇ ಮಿನಿಪೇಜ್ ಕೆಳಗಿಳಿಯುತ್ತದೆ. ಎರಡರ ನಡುವೆ ಖಾಲಿ ಸಾಲು ಬಿಟ್ಟರೂ ಅದೇ ಗತಿ, ಅಲ್ಲಿಗೆ ಪ್ಯಾರಾ ಮುಗಿಯುತ್ತದೆ.

ಕ್ಯಾಪ್ಷನ್ ನಡುಮಟ್ಟಕ್ಕೆ ಸಾಕಾದರೆ ಎರಡೂ ಮಿನಿಪೇಜಿಗೆ ‘ಸಿ’ (ಸೆಂಟರ್) ಕೊಡಿ, ಕೆಲಸ ಮುಗಿಯಿತು. ತಲೆಗಳೇ ಸೇರಬೇಕಾದರೆ ‘ಟಿ’ ಇಟ್ಟು, ಚಿತ್ರಗಳಿರುವ ಮಿನಿಪೇಜಿನ ಮೊದಲ ಸಾಲಿಗೇ 0 ಪಾಯಿಂಟಿನ ವಿಸ್ಪೇಸ್ ಬರೆಯಿರಿ. ಆಗ ಮೊದಲ ವಸ್ತು ಚಿತ್ರವಾಗದೆ ಆ ಸೊನ್ನೆ ಅಂತರವಾಗುತ್ತದೆ, ಜೋಡಣೆಯ ಬಿಂದು ತಲೆಗೇರುತ್ತದೆ. ಕ್ಯಾಪ್ಷನ್ ಇರುವ ಮಿನಿಪೇಜಿನೊಳಗೆ ಕ್ಯಾಪ್ಷನ್‌ಸೆಟಪ್ ಕಮಾಂಡಿನಲ್ಲಿ ಸ್ಕಿಪ್ (ಮೇಲಿನ ಖಾಲಿ ಜಾಗ) 0 ಪಾಯಿಂಟ್, ಜಸ್ಟಿಫಿಕೇಶನ್ ರ‍್ಯಾಗೆಡ್‌ರೈಟ್ (ಎಡಕ್ಕೆ ಜೋಡಣೆ), ಸಿಂಗಲ್‌ಲೈನ್‌ಚೆಕ್ ಫಾಲ್ಸ್ (ಒಂದೇ ಸಾಲಿನ ಕ್ಯಾಪ್ಷನ್ ನಡುವಿಗೆ ಹೋಗದಂತೆ). ಅಲ್ಲಿ ಬರೆದದ್ದು ಅಲ್ಲಿಗೇ ಸೀಮಿತ, ಉಳಿದ ಕ್ಯಾಪ್ಷನ್‌ಗಳಿಗೆ ತಾಗುವುದಿಲ್ಲ.

ಲೇಬಲ್ (ಚಿತ್ರವನ್ನು ಪಠ್ಯದಲ್ಲಿ ಉಲ್ಲೇಖಿಸಲು ಕೊಡುವ ಹೆಸರು) ಕ್ಯಾಪ್ಷನ್ನಿನ ನಂತರ, ಅದೇ ಮಿನಿಪೇಜ್ ಮುಗಿಯುವ ಮೊದಲೇ ಇರಲಿ. ಹೊರಗಿಟ್ಟರೆ ಚಿತ್ರದ ಸಂಖ್ಯೆ ಆ ಮಿನಿಪೇಜಿನ ಜೊತೆಗೇ ಕಳೆದುಹೋಗಿ, ಆ ಹೆಸರನ್ನು ಉಲ್ಲೇಖಿಸುವ ರೆಫ್ ಕಮಾಂಡ್ ಸೆಕ್ಷನ್ ಸಂಖ್ಯೆ ತೋರಿಸುತ್ತದೆ. ಎರರ್ ಏನೂ ಬರದ ಕಾರಣ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಫ್ಲೋಟ್‌ರೋ ಸಬ್‌ಫಿಗ್ (ಉಪಚಿತ್ರಗಳ ಇನ್ನೊಂದು ಪ್ಯಾಕೇಜ್) ಜೊತೆ ಹೊಂದುವಂತೆ ಬರೆದದ್ದು. ಸಬ್‌ಫಿಗ್, ಸಬ್‌ಕ್ಯಾಪ್ಷನ್ ಒಟ್ಟಿಗೆ ಇರಲಾರವು. ಸೈಡ್‌ಕ್ಯಾಪ್ ಒಂಟಿ ಚಿತ್ರಕ್ಕೆ ಒಳ್ಳೆಯದು. ಎರಡೂ ಬದಿ ಮುದ್ರಿಸುವ ಪುಸ್ತಕದಲ್ಲಿ ಕ್ಯಾಪ್ಷನ್ ಪುಟಕ್ಕೆ ತಕ್ಕಂತೆ ಹೊರಬದಿಗೆ ಹೋಗಬೇಕಾದಾಗ ಅದನ್ನೇ ಬಳಸಿ.

ಕನ್ನಡದಲ್ಲೇ ಬರೆಯುತ್ತಿದ್ದರೆ (ಬರೆಯಿರಿ, ಲೇಟೆಕ್‌ನದೇ ಇನ್ನೊಂದು ರೂಪವಾದ ಲುವಾಲೇಟೆಕ್‌ನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಝ್ ರೆಂಡರರ್ ಕೊಟ್ಟರೆ ಒತ್ತಕ್ಷರ ಚೆನ್ನಾಗಿ ಕೂರುತ್ತವೆ) ಕ್ಯಾಪ್ಷನ್‌ಸೆಟಪ್‌ನಲ್ಲಿ ನೇಮ್ ಅನ್ನು ‘ಚಿತ್ರ’ ಮಾಡಿ. ಉಪಚಿತ್ರಗಳಿಗೆ ಅ, ಆ, ಇ, ಈ ಬೇಕಾದರೆ ದಸಬ್‌ಫಿಗರ್ (\thesubfigure) ಕಮಾಂಡನ್ನು, ಸಂಖ್ಯೆಗೆ ತಕ್ಕ ಅಕ್ಷರ ಆರಿಸುವ ಇಫ್‌ಕೇಸ್‌ನಿಂದ (\ifcase) ಮತ್ತೆ ಬರೆಯಿರಿ. ಆವರಣ ಚಿಹ್ನೆಯನ್ನು ನೀವು ಸೇರಿಸಬೇಡಿ, ಸಬ್‌ಕ್ಯಾಪ್ಷನ್ ತಾನೇ ಹಾಕುತ್ತದೆ.