ಕಾಲೇಜು ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ಗ್ರೇಡ್ ಕೊಡುವ ಕೋರ್ಸ್ ಬೇಡ

ಕೆಮಿಸ್ಟ್ರಿಯೂ ಬೇಡ, ಬಯಾಲಜಿಯೂ ಬೇಡ. ನಿಮ್ಮ ಪ್ರಶ್ನೆಯನ್ನು ನಮ್ಮ ಅಪ್ಪನೇ ಬರೆದಿರಬೇಕು ಎನ್ನಿಸಿತು. ಮಗಳು ಜೂನ್‌ನಲ್ಲಿ ಹೈಸ್ಕೂಲ್ ಮುಗಿಸುತ್ತಾಳೆ, ಮುಂದೆ ಪ್ರಿ-ಮೆಡ್ (ಮೆಡಿಕಲ್ ಶಾಲೆಗೆ ಸಿದ್ಧವಾಗುವ ಪದವಿ ಓದು), ಬೇಸಿಗೆಯಲ್ಲೇ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಕಷ್ಟದ ವಿಜ್ಞಾನ ಕೋರ್ಸ್ ಮುಗಿಸಿಬಿಟ್ಟರೆ ಹೊರೆ ಇಳಿಯುತ್ತದೆ, ಕೆಮಿಸ್ಟ್ರಿ ಮೊದಲೋ ಬಯಾಲಜಿ ಮೊದಲೋ ಎಂದು ಕೇಳಿದ್ದೀರಿ. ಅಪ್ಪನೂ ಕನ್ನಡ ಕೂಟದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಹೀಗೆಯೇ ಕೇಳುತ್ತಿದ್ದರು.

ನಾನು ಹಾಸನದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಅಪ್ಪನಿಗೆ ಕೆಲಸ ಸಿಕ್ಕ ನ್ಯೂಜೆರ್ಸಿಗೆ ಬಂದವಳು. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ಇಲ್ಲಿ ಓದಿದೆ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರಕ್ಕೇ ಪಿಯುಸಿ ಪುಸ್ತಕ ತಂದು ಮಕ್ಕಳನ್ನು ಟ್ಯೂಷನ್‌ಗೆ ಕಳುಹಿಸುವುದು ರೂಢಿ. ರಜೆಯಲ್ಲಿ ನಾಲ್ಕು ಪಾಠ ಮುಗಿಸಿಕೊಂಡವರು ಜೂನ್‌ನಲ್ಲಿ ಧೈರ್ಯವಾಗಿ ತರಗತಿಗೆ ಹೋಗುತ್ತಾರೆ. ಅಲ್ಲಿ ಆ ಲೆಕ್ಕ ಸರಿ, ಏಕೆಂದರೆ ಟ್ಯೂಷನ್ ಮೇಷ್ಟ್ರು ಕೊಟ್ಟ ಕಿರುಪರೀಕ್ಷೆಯ ಅಂಕವನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ. ನೂರಕ್ಕೆ ಮೂವತ್ತು ಬಂದರೂ ಅದು ಆ ಮನೆಯ ಜಗಲಿಯಲ್ಲೇ ಮುಗಿಯುತ್ತದೆ. ಇಲ್ಲಿ ಅದು ಮುಗಿಯುವುದಿಲ್ಲ, ಮತ್ತು ನಾನು ಹೇಳಬೇಕಾದ ಸಂಗತಿಯೇ ಇದು.

ಅಪ್ಪ ನನ್ನನ್ನು ಜುಲೈನಲ್ಲಿ ಆರು ವಾರದ ಜನರಲ್ ಕೆಮಿಸ್ಟ್ರಿ ಕೋರ್ಸಿಗೆ ಸೇರಿಸಿದರು. ಪದವಿಯ ಲೆಕ್ಕಕ್ಕೆ ನಾಲ್ಕು ಕ್ರೆಡಿಟ್. ಸಾಮಾನ್ಯ ಸೆಮಿಸ್ಟರ್‌ನಲ್ಲಿ ಹದಿನೈದು ವಾರ ನಡೆಯುವ ಪಾಠ ಅದು. ಅಂದರೆ ಅಲ್ಲಿಯ ಒಂದು ವಾರದಲ್ಲಿ ಎರಡೂವರೆ ವಾರದ ಪಾಠ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಪ್ರಯೋಗಾಲಯ, ರಾತ್ರಿ ವರದಿ. ಸಮೀಕರಣ ಸರಿದೂಗಿಸುವುದು ನನಗೆ ಹಾಸನದಿಂದಲೇ ಬರುತ್ತಿತ್ತು, ಮೊದಲ ಮೂರು ದಿನ ಅದೇ ಹೆಮ್ಮೆಯಲ್ಲಿದ್ದೆ. ನಾಲ್ಕನೆಯ ದಿನ ಮೋಲ್ ಬಂತು. ಮೋಲ್ ಎಂಬುದು ಎಣಿಕೆಯ ಒಂದು ಅಳತೆ, ಡಜನ್ ಇದ್ದ ಹಾಗೆ, ಅಷ್ಟೇ. ಆದರೆ ಗ್ರಾಮ್‌ನಿಂದ ಮೋಲ್‌ಗೆ, ಮೋಲ್‌ನಿಂದ ಇನ್ನೊಂದು ವಸ್ತುವಿನ ಮೋಲ್‌ಗೆ, ಅಲ್ಲಿಂದ ಮತ್ತೆ ಗ್ರಾಮ್‌ಗೆ ದಾಟುವುದು ಕೈಗೆ ಕೂರಬೇಕಾದರೆ ನಡುವೆ ಕೆಲವು ರಾತ್ರಿಗಳ ನಿದ್ದೆ ಬೇಕು, ಮರೆತು ಮತ್ತೆ ಮಾಡಬೇಕು. ನನಗೆ ಅದಕ್ಕೆ ಬಿಡುವಿರಲಿಲ್ಲ. ಎರಡು ವಸ್ತುಗಳಲ್ಲಿ ಯಾವುದು ಮೊದಲು ತೀರುತ್ತದೆ ಎಂದು ಹುಡುಕುವ ಲೆಕ್ಕ ಅರ್ಥವಾಗುವ ಹೊತ್ತಿಗೆ ತರಗತಿ ದ್ರಾವಣಗಳನ್ನು ದಾಟಿ ಶಾಖದ ಲೆಕ್ಕಕ್ಕೆ ಹೋಗಿತ್ತು.

ಮೂರನೆಯ ವಾರ ನನ್ನ ಸರಾಸರಿ 68. ಪ್ರೊಫೆಸರ್ ನನ್ನನ್ನು ಕರೆದು, ಗುರುವಾರದೊಳಗೆ ಕೋರ್ಸ್ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಂಕಪಟ್ಟಿಯಲ್ಲಿ) ಡಬ್ಲ್ಯೂ ಎಂಬ ಒಂದು ಅಕ್ಷರ ಮಾತ್ರ ಉಳಿಯುತ್ತದೆ, ಜಿಪಿಎ ಲೆಕ್ಕಕ್ಕೆ, ಅಂದರೆ ನಾಲ್ಕಕ್ಕೆ ಹಾಕುವ ಗ್ರೇಡ್ ಸರಾಸರಿಗೆ, ಅದು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ನಾನು ಬಿಡಲಿಲ್ಲ. ಅಪ್ಪ ಶುಲ್ಕ ಕಟ್ಟಿದ್ದರು. ಮಾವನ ಮದುವೆಗೆ ಅಮ್ಮ ಮತ್ತು ತಮ್ಮ ಮಾತ್ರ ಊರಿಗೆ ಹೋಗಿದ್ದರು, ಈ ಕೋರ್ಸಿಗಾಗಿ ನಾನು ಉಳಿದುಕೊಂಡಿದ್ದೆ. ಮದುವೆಯನ್ನೂ ಬಿಟ್ಟು, ಕೋರ್ಸನ್ನೂ ಬಿಟ್ಟೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ? ಗುರುವಾರ ಬಂತು, ಹೋಯಿತು. ಕೊನೆಗೆ ಸಿ ಬಂತು.

ನಿಜವಾದ ತಪ್ಪು ಆಮೇಲೆ ನಡೆಯಿತು. ನಾನು ಸೇರಿದ ವಿಶ್ವವಿದ್ಯಾಲಯ ಆ ಸಿ ಯನ್ನು ಒಪ್ಪಿ ನಾಲ್ಕು ಕ್ರೆಡಿಟ್ ಕೊಟ್ಟಿತು. ಬೇರೆ ಕಾಲೇಜಿನಿಂದ ತಂದ ಕೋರ್ಸಿನ ಕ್ರೆಡಿಟ್ ಮಾತ್ರ ಬರುತ್ತದೆ, ಗ್ರೇಡ್ ಅವರ ಜಿಪಿಎಗೆ ಸೇರುವುದಿಲ್ಲ. ನಾವು ಮನೆಯಲ್ಲಿ ಅದನ್ನು ಗೆಲುವು ಎಂದುಕೊಂಡೆವು. ಸಿ ಅಳಿಸಿಹೋಯಿತು, ಕೋರ್ಸ್ ಉಳಿಯಿತು ಎಂದು ಅಪ್ಪ ನೆಮ್ಮದಿಯಿಂದ ಉಸಿರುಬಿಟ್ಟರು. ಆ ಧೈರ್ಯದಲ್ಲಿ ನಾನು ಮೊದಲ ಸೆಮಿಸ್ಟರ್‌ನಲ್ಲೇ ಜನರಲ್ ಕೆಮಿಸ್ಟ್ರಿಯ ಎರಡನೆಯ ಭಾಗಕ್ಕೆ ಕುಳಿತೆ. ಸಮತೋಲನ, ಆಮ್ಲ-ಪ್ರತ್ಯಾಮ್ಲ, ಬಫರ್, ಎಲ್ಲವೂ ಮೋಲ್ ಲೆಕ್ಕದ ಮೇಲೆಯೇ ನಿಂತಿವೆ, ಆ ಲೆಕ್ಕವೇ ನನ್ನಲ್ಲಿ ಗಟ್ಟಿಯಿರಲಿಲ್ಲ. ಅಲ್ಲಿ ಸಿ ಪ್ಲಸ್.

ಮೂರನೆಯ ವರ್ಷ ಮೆಡಿಕಲ್ ಶಾಲೆಗಳ ಅರ್ಜಿಯ ವಿಷಯ ತಿಳಿಯಲು ಅಡ್ವೈಸರ್ ಬಳಿ ಹೋದಾಗ ಗೊತ್ತಾಯಿತು. ಎಂ.ಡಿ. ಕೊಡುವ ಹೆಚ್ಚಿನ ಶಾಲೆಗಳಿಗೆ ಆಮ್ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹಾಕಬೇಕು. ಹೈಸ್ಕೂಲ್ ನಂತರದ ಮಟ್ಟದ ಒಂದು ಕೋರ್ಸ್ ಓದಿದ್ದರೂ ಸರಿ, ಆ ಸಂಸ್ಥೆಯ ಟ್ರಾನ್ಸ್‌ಕ್ರಿಪ್ಟ್ ಕಳುಹಿಸಲೇಬೇಕು. ಅವರು ಜಿಪಿಎಯನ್ನು ತಾವೇ ಹೊಸದಾಗಿ ಲೆಕ್ಕ ಹಾಕುತ್ತಾರೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಕ್ರೆಡಿಟ್‌ಗಾಗಿ ಓದಿದ ಕೋರ್ಸುಗಳನ್ನೂ ಬಿಡುವುದಿಲ್ಲ. ಅದೇ ಕೋರ್ಸನ್ನು ಮತ್ತೆ ಓದಿ ಎ ತೆಗೆದರೂ ಹಳೆಯದು ಅಳಿಯುವುದಿಲ್ಲ, ಎರಡನ್ನೂ ಸೇರಿಸಿಯೇ ಸರಾಸರಿ. ನನ್ನ ವಿಶ್ವವಿದ್ಯಾಲಯದ ಹಾಳೆಯಲ್ಲಿ ಕಾಣದಿದ್ದ ಸಿ ಅಲ್ಲಿ ಮೊದಲ ಸಾಲಿನಲ್ಲೇ ಕುಳಿತಿತ್ತು.

ಲೆಕ್ಕ ಕೇಳಿ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತ ಈ ನಾಲ್ಕಕ್ಕೆ ಪ್ರತ್ಯೇಕ ಜಿಪಿಎ ಇದೆ. ಉಳಿದ 52 ಕ್ರೆಡಿಟ್‌ಗಳಲ್ಲಿ ನನ್ನ ಸರಾಸರಿ 3.7 ಇತ್ತು. ಈ ಎರಡು ಕೆಮಿಸ್ಟ್ರಿ ಕೋರ್ಸುಗಳ ಎಂಟು ಕ್ರೆಡಿಟ್ ಸೇರಿದ ಮೇಲೆ ಅದು 3.49 ಆಯಿತು. ಮೆಡಿಕಲ್ ಶಾಲೆಗೆ ಸೇರುವವರ ಸರಾಸರಿ ಈ ನಾಲ್ಕು ವಿಷಯಗಳಲ್ಲಿ ಸುಮಾರು 3.7 ಇರುತ್ತದೆ. ಮೊದಲ ಬಾರಿ ಅರ್ಜಿ ಹಾಕಿದಾಗ ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲ. ಒಂದು ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಹೇಳಿದ್ದನ್ನು ದಾಖಲಿಸುವ ಕೆಲಸ ಮಾಡಿದೆ, ಸಂಜೆ ಮೇಲ್ಮಟ್ಟದ ಕೋರ್ಸುಗಳನ್ನು ಓದಿದೆ, ಎರಡನೆಯ ಬಾರಿಗೆ ಸೀಟು ಸಿಕ್ಕಿತು. ಈಗ ಫ್ಯಾಮಿಲಿ ಮೆಡಿಸಿನ್‌ನಲ್ಲಿ ರೆಸಿಡೆನ್ಸಿ ಮಾಡುತ್ತಿದ್ದೇನೆ. ಕೆಮಿಸ್ಟ್ರಿ ನನಗೆ ಒಗ್ಗದ ವಿಷಯವೇನೂ ಆಗಿರಲಿಲ್ಲ, ಬಯೋಕೆಮಿಸ್ಟ್ರಿಯಲ್ಲಿ ಎ ತೆಗೆದೆ. ಮೊದಲ ಬಾರಿ ಕಲಿಯುವಾಗ ಎಡವುವುದು ಸಹಜ. ಆ ಎಡವಿಕೆಗೆ ನಾನು ಶಾಶ್ವತ ದಾಖಲೆ ಮಾಡಿಸಿಕೊಂಡೆ.

ಹಾಗಾಗಿ ಯಾವ ಕೋರ್ಸ್ ಮೊದಲು ಎಂಬುದು ಸರಿಯಾದ ಪ್ರಶ್ನೆಯೇ ಅಲ್ಲ. ಕಲಿಯಲಿ, ಖಂಡಿತ ಕಲಿಯಲಿ, ಆದರೆ ಯಾರೂ ಗ್ರೇಡ್ ಬರೆದಿಡದ ಜಾಗದಲ್ಲಿ ಕಲಿಯಲಿ. ಟೆಕ್ಸಸ್‌ನ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಜನರಲ್ ಕೆಮಿಸ್ಟ್ರಿಯ ಪೂರ್ತಿ ಪಠ್ಯವನ್ನು ಉಚಿತವಾಗಿ ಕೊಡುತ್ತದೆ. ಅದರ ಮೊದಲ ನಾಲ್ಕು ಅಧ್ಯಾಯ ಸಾಕು, ಮೋಲ್ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ವಿಡಿಯೊ ನೋಡಿ ತಲೆಯಾಡಿಸುವುದು ಕಲಿಕೆಯಲ್ಲ. ಪೆನ್ಸಿಲ್ ಹಿಡಿದು ದಿನಕ್ಕೆ ಹತ್ತು ಲೆಕ್ಕ ಮಾಡಲಿ, ತಪ್ಪಾದವನ್ನು ಮೂರು ದಿನ ಬಿಟ್ಟು ಮತ್ತೆ ಮಾಡಲಿ. ಲಾಗರಿದಮ್ ಮರೆತಿದ್ದರೆ ಈಗಲೇ ತಿದ್ದಿಕೊಳ್ಳಲಿ, ಪಿಎಚ್ ಲೆಕ್ಕದಲ್ಲಿ ಅನೇಕರು ಮುಗ್ಗರಿಸುವುದು ಕೆಮಿಸ್ಟ್ರಿಯಿಂದಲ್ಲ, ಅದರಿಂದ. ಆರ್ಗಾನಿಕ್ ಕೆಮಿಸ್ಟ್ರಿಯನ್ನು ಈಗ ಮುಟ್ಟುವುದೇ ಬೇಡ. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೆಮಿಸ್ಟ್ರಿಯ ಪರೀಕ್ಷೆಯಲ್ಲಿ 5ಕ್ಕೆ 5 ಬಂದಿದ್ದರೂ ಆ ಬಲದ ಮೇಲೆ ಕೋರ್ಸ್ ಹಾರಿಸುವ ಮುನ್ನ ವಿಚಾರಿಸಿ. ಕೆಲವು ಮೆಡಿಕಲ್ ಶಾಲೆಗಳು ಎಪಿ ಕ್ರೆಡಿಟ್ ಒಪ್ಪುವುದಿಲ್ಲ, ಕೆಲವು ಅದರ ಬದಲು ಮೇಲಿನ ಹಂತದ ಕೋರ್ಸ್ ಕೇಳುತ್ತವೆ.

ಇನ್ನೊಂದು. ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಯಲ್ಲಿ ವಿಜ್ಞಾನದ ಸೋಂಕೇ ಇಲ್ಲದ ಒಂದು ಭಾಗವಿದೆ, ಗದ್ಯ ಓದಿ 90 ನಿಮಿಷದಲ್ಲಿ 53 ಪ್ರಶ್ನೆಗಳಿಗೆ ಉತ್ತರಿಸಬೇಕು. ಎರಡು ತಿಂಗಳ ಕೋಚಿಂಗ್‌ನಿಂದ ಅದು ಬರುವುದಿಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಮಗಳು ಇತಿಹಾಸವನ್ನೋ ಪ್ರಬಂಧಗಳನ್ನೋ ಓದುತ್ತ ಕುಳಿತಿದ್ದರೆ ಸಮಯ ಹಾಳಾಗುತ್ತಿದೆ ಎಂದು ಎಬ್ಬಿಸಬೇಡಿ. ಊರಿನಲ್ಲಿ ಮದುವೆಯಿದ್ದರೆ ಕರೆದುಕೊಂಡು ಹೋಗಿ.

ಒಂದು ವೇಳೆ ಆಗಲೇ ಹೆಸರು ನೋಂದಾಯಿಸಿದ್ದರೆ ಇಂದೇ ಆ ಕಾಲೇಜಿನ ವೇಳಾಪಟ್ಟಿ ತೆರೆದು ನೋಡಿ. ಕೋರ್ಸ್ ಬಿಡಲು ಎರಡು ದಿನಾಂಕಗಳಿರುತ್ತವೆ. ಮೊದಲನೆಯದರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಏನೂ ಉಳಿಯುವುದಿಲ್ಲ. ಎರಡನೆಯದರೊಳಗೆ ಬಿಟ್ಟರೆ ಡಬ್ಲ್ಯೂ ಉಳಿಯುತ್ತದೆ. ಬೇಸಿಗೆಯ ಕೋರ್ಸುಗಳಲ್ಲಿ ಮೊದಲ ದಿನಾಂಕ ತರಗತಿ ಶುರುವಾದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಅದು ದಾಟಿದ್ದು, ಅವಳು ಒದ್ದಾಡುತ್ತಿದ್ದರೆ, ಕಟ್ಟಿದ ಹಣದ ಮಾತು ಎತ್ತದೆ, ಬಿಡು ಎಂದು ನೀವೇ ಮೊದಲು ಹೇಳಿ. ಆ ಗುರುವಾರ ನಾನು ಅಪ್ಪನ ಬಾಯಿಂದ ಕೇಳಲು ಕಾದಿದ್ದು ಆ ಒಂದು ಮಾತನ್ನು.