ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಪಫರ್ ಮೀನು ಸಾಕಬಹುದಾ?

ನೀವು ಕೇಳಿರುವುದು ಇಷ್ಟು: ಮನೆ ಉಡುಪಿ ಹತ್ತಿರ. ಒಂಬತ್ತು ವರ್ಷದ ಮಗಳು ಅಂಗಡಿಯಲ್ಲಿ ಎರಡಿಂಚಿನ ಮುಳ್ಳು ಪಫರ್, ಅಂದರೆ ಹೆದರಿದಾಗ ನೀರು ನುಂಗಿ ಚೆಂಡಿನಂತೆ ಉಬ್ಬುವ ಮೀನು, ನೋಡಿ ಅದೇ ಬೇಕು ಅಂತ ಹಠ ಹಿಡಿದಿದ್ದಾಳೆ. ಮನೆಯಲ್ಲಿ ಎರಡಡಿ ಟ್ಯಾಂಕ್ ಖಾಲಿ ಬಿದ್ದಿದೆ. ಅದಕ್ಕೆ ಅಡುಗೆ ಉಪ್ಪು ಹಾಕಿದರೆ ಸಾಕಾ, ಇಲ್ಲ ಮಲ್ಪೆಯಿಂದ ಸಮುದ್ರದ ನೀರೇ ತರಬೇಕಾ, ಮಕ್ಕಳಿರುವ ಮನೆಯಲ್ಲಿ ಇದರ ವಿಷದ ಭಯ ಇದೆಯಾ.

ಪಫರ್ ಸಾಕಬಹುದು. ಆದರೆ ಆ ಮೀನನ್ನು ಆ ಟ್ಯಾಂಕಿನಲ್ಲಿ ಸಾಕಬೇಡಿ.

ಅಂಗಡಿಯಲ್ಲಿ ನೀವು ನೋಡಿದ್ದು ಪೋರ್ಕ್ಯುಪೈನ್ ಪಫರ್ ಮರಿ. ಈಗ ನಿಂಬೆಹಣ್ಣಿನಷ್ಟಿರುವ ಅದು ಮನೆಯ ಟ್ಯಾಂಕಿನಲ್ಲೇ ಒಂದಡಿ ಬೆಳೆಯುತ್ತದೆ. ಸಮುದ್ರದಲ್ಲಿ 50 ಸೆಂ.ಮೀ.ವರೆಗೂ ಹೋಗುತ್ತದೆ. ಅದಕ್ಕೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಆದರೂ ಬೇಕು. ಅಂದರೆ ಸುಮಾರು 450 ಲೀಟರ್ ನೀರು. ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ ಅರ್ಧ ಟನ್ನಿಗಿಂತ ಜಾಸ್ತಿ ಭಾರ. ನಿಮ್ಮ ಎರಡಡಿ ಟ್ಯಾಂಕ್ ಹಿಡಿಯುವುದು ಹೆಚ್ಚೆಂದರೆ 70 ಲೀಟರ್. ಆಮೇಲೆ ದೊಡ್ಡದು ತಂದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಆಮೇಲೆ ಬರುವುದರೊಳಗೆ ಮೀನು ಕುಗ್ಗಿರುತ್ತದೆ. ನಾನು ಇದನ್ನು ಮೂರು ಮನೆಗಳಲ್ಲಿ ನೋಡಿದ್ದೇನೆ.

ಹಾಗಾದರೆ ಯಾವುದು? ಎರಡು ಹೆಸರು ಹೇಳುತ್ತೇನೆ. ಒಂದು ವ್ಯಾಲೆಂಟಿನಿ ಪಫರ್. ಬಿಳಿ ಮೈ, ಬೆನ್ನ ಮೇಲೆ ಕಪ್ಪು ಪಟ್ಟೆ, ಪೂರ್ತಿ ಬೆಳೆದರೂ ನಾಲ್ಕೂವರೆ ಇಂಚು ದಾಟುವುದಿಲ್ಲ. ಹುಟ್ಟಿನಿಂದಲೂ ಸಮುದ್ರದ ಮೀನು. ಇನ್ನೊಂದು ಗ್ರೀನ್ ಸ್ಪಾಟೆಡ್ ಪಫರ್, ಆರಿಂಚು ಬೆಳೆಯುತ್ತದೆ. ಎರಡಕ್ಕೂ ಮೂರಡಿ ಟ್ಯಾಂಕ್ ಬೇಕು. ಉದ್ದ 36, ಅಗಲ 15, ಎತ್ತರ 18 ಇಂಚು ಇದ್ದರೆ ಸುಮಾರು 160 ಲೀಟರ್ ಹಿಡಿಯುತ್ತದೆ, ಒಂದು ಪಫರ್‌ಗೆ ಸರಿಯಾಗುತ್ತದೆ. ಒಂದೇ ಒಂದು. ಜೊತೆಗೆ ಇನ್ನೊಂದು ಮೀನು ಬಿಟ್ಟರೆ ಅದರ ರೆಕ್ಕೆ, ಬಾಲ ಕಚ್ಚಿ ಹಾಕುತ್ತದೆ. ಬಸವನಹುಳು, ಸಿಗಡಿ, ಏಡಿ ಬಿಟ್ಟರೆ ಊಟ ಅಂದುಕೊಳ್ಳುತ್ತದೆ.

ನನ್ನ ಹತ್ತಿರ ಇರುವುದು ಗ್ರೀನ್ ಸ್ಪಾಟೆಡ್. ಹೆಸರು ಗುಂಡ. ಒಂಬತ್ತು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಿಂದ ತಂದೆ. ಆಗ ಒಂದು ರೂಪಾಯಿ ನಾಣ್ಯದಷ್ಟಿತ್ತು. "ಸಿಹಿನೀರಿನ ಮೀನು ಸಾರ್, ಏನೂ ತೊಂದರೆ ಇಲ್ಲ" ಅಂದರು. ನಾನು ನಂಬಿದೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಹಾಲಿನಂತೆ ಬೆಳ್ಳಗಿದ್ದ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಫಿಲ್ಟರ್ ಹಿಂದೆ ಮೂಲೆಯಲ್ಲಿ ಬಾಲ ಮಡಚಿಕೊಂಡು ಕೂರುತ್ತಿತ್ತು. ಊಟ ಹಾಕಿದರೆ ಕಣ್ಣು ಮಾತ್ರ ತಿರುಗಿಸಿ ನೋಡುತ್ತಿತ್ತು, ಬರುತ್ತಿರಲಿಲ್ಲ. ಮದ್ದು ಹಾಕಿದೆ, ನೀರು ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಓದಿ ತಿಳಿದಿದ್ದು: ಈ ಮೀನು ಶ್ರೀಲಂಕಾದಿಂದ ಇಂಡೋನೇಷ್ಯಾ, ಚೀನಾವರೆಗಿನ ಅಳಿವೆಗಳದ್ದು. ಹೊಳೆ ಸಮುದ್ರ ಸೇರುವ ಜಾಗದ ಮೀನು. ಮರಿಯಾಗಿದ್ದಾಗ ಸಿಹಿನೀರನ್ನು ತಾಳಿಕೊಳ್ಳುತ್ತದೆ, ದೊಡ್ಡದಾಗುತ್ತಾ ಹೋದಂತೆ ಉಪ್ಪು ಬೇಕೇ ಬೇಕು.

ಅವತ್ತಿನಿಂದ ವಾರಕ್ಕೊಮ್ಮೆ ನೀರು ಬದಲಿಸುವಾಗ ಸ್ವಲ್ಪ ಸ್ವಲ್ಪವೇ ಉಪ್ಪು ಏರಿಸಿದೆ. ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರು 1.000 ಆದರೆ ಉಪ್ಪುನೀರು ಎಷ್ಟು ಭಾರ ಅನ್ನುವ ಅಳತೆ) ಲೆಕ್ಕದಲ್ಲಿ ವಾರಕ್ಕೆ 0.002ಕ್ಕಿಂತ ಜಾಸ್ತಿ ಇಲ್ಲ. ಒಮ್ಮೆಲೇ ಏರಿಸಿದರೆ ಮೀನು ತಡೆದುಕೊಂಡರೂ ಫಿಲ್ಟರ್‌ನಲ್ಲಿದ್ದು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಸಾಯುತ್ತದೆ. ನಾಲ್ಕು ತಿಂಗಳು ಹಿಡಿಯಿತು 1.022 ಮುಟ್ಟಲು. ಆದರೆ ಎರಡನೇ ತಿಂಗಳಿಗೇ ಹೊಟ್ಟೆ ಮತ್ತೆ ಬೆಳ್ಳಗಾಯಿತು. ಒಂದು ದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಬಂದಾಗ ಗಾಜಿನ ಹತ್ತಿರ ಬಂದು ಮೇಲಕ್ಕೂ ಕೆಳಕ್ಕೂ ಕುಣಿಯತೊಡಗಿತು. ಅಷ್ಟು ದಿನ ಅದು ಸುಮ್ನೆ ಕೂತಿದ್ದು ಸ್ವಭಾವ ಅಲ್ಲ, ಸಂಕಟ ಅಂತ ಆಗ ಅರ್ಥವಾಯಿತು.

ಈಗ ನಿಮ್ಮ ಉಪ್ಪಿನ ಪ್ರಶ್ನೆ. ಅಡುಗೆ ಉಪ್ಪು ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಬರೀ ಉಪ್ಪಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ನೀರಿನ ಹುಳಿ ಏರದಂತೆ ತಡೆಯುವ ಕಾರ್ಬೊನೇಟ್ ಎಲ್ಲ ಇವೆ. ಅಕ್ವೇರಿಯಂಗೆ ಅಂತಲೇ ಬರುವ ಸಮುದ್ರದ ಉಪ್ಪಿನ ಮಿಶ್ರಣ ತನ್ನಿ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಹಾಕಿ ಒಂದು ದಿನ ಕಲಕುತ್ತಾ ಬಿಟ್ಟರೆ 1.025ರ ಹತ್ತಿರ ಬರುತ್ತದೆ. ಅಳೆಯಲು ರಿಫ್ರಾಕ್ಟೋಮೀಟರ್ ಇಟ್ಟುಕೊಳ್ಳಿ. ತೇಲುವ ಪ್ಲಾಸ್ಟಿಕ್ ಮಾಪಕ ನನಗೆ ಒಂದೊಂದು ದಿನ ಒಂದೊಂದು ಲೆಕ್ಕ ಕೊಟ್ಟಿದೆ. ಇನ್ನೊಂದು ಮಾತು, ಇದನ್ನು ಹೊಸಬರು ತಪ್ಪುತ್ತಾರೆ: ಟ್ಯಾಂಕಿನ ನೀರು ಆರಿ ಕಮ್ಮಿಯಾದಾಗ ಬರೀ ಆರ್‌ಒ ನೀರು ಸೇರಿಸಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ, ಅಲ್ವಾ?

ಮಲ್ಪೆ ನೀರು? ಬಂದರಿನ ಹತ್ತಿರದ್ದು ಬೇಡವೇ ಬೇಡ, ದೋಣಿಗಳ ಡೀಸೆಲ್ ಎಣ್ಣೆ ತೇಲುತ್ತಿರುತ್ತದೆ. ಮಳೆಗಾಲದಲ್ಲಿ ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳು ಕೆಂಪು ನೀರು ತಂದು ಸುರಿಯುವಾಗ ದಡದ ನೀರಿನ ಉಪ್ಪು ತುಂಬಾ ಇಳಿದಿರುತ್ತದೆ. ಬೇಸಿಗೆಯಲ್ಲಿ ದೂರದಿಂದ ತಂದು, ಸೋಸಿ, ಕತ್ತಲಲ್ಲಿಟ್ಟು ಬಳಸುವವರಿದ್ದಾರೆ. ಮೊದಲ ಟ್ಯಾಂಕಿಗೆ ಅಷ್ಟು ತಾಪತ್ರಯ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಾಗೇ, ಹವಳದ ಕಲ್ಲು ಸಮುದ್ರದಿಂದ ಎತ್ತಿ ತರಬೇಡಿ, ಅಂಥದ್ದನ್ನು ಮಾರಿದರೆ ಕೊಳ್ಳಲೂಬೇಡಿ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೃತಕ ಕಲ್ಲು ಸಿಗುತ್ತದೆ, ಅದರಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿಯೇ ಬೆಳೆಯುತ್ತದೆ. ಟ್ರಾಲರ್ ಬಲೆಗೆ ಬಿದ್ದ ಪಫರ್ ಯಾರಾದರೂ ಸುಮ್ನೆ ಕೊಡುತ್ತೇನೆ ಅಂದರೂ ಬೇಡ. ಆಳದಿಂದ ಎಳೆದು ತಂದ ಮೀನಿಗೆ ಒಳಗೇ ಪೆಟ್ಟಾಗಿರುತ್ತದೆ.

ನೀರು ತುಂಬಿಸಿದ ದಿನವೇ ಮೀನು ಬಿಡುವ ಹಾಗಿಲ್ಲ. ಮೀನಿನ ಕೊಳಕಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿಗೆ ಒಂದು ಸಿಗಡಿ ತುಂಡು ಹಾಕಿ ಕೊಳೆಯಲು ಬಿಡಿ, ಫಿಲ್ಟರ್ ಓಡುತ್ತಿರಲಿ, ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಿಂದ ನೋಡಿ. ಅಮೋನಿಯಾ ಏರಿ ಇಳಿಯಬೇಕು, ನೈಟ್ರೈಟ್ ಏರಿ ಇಳಿಯಬೇಕು. ಎರಡೂ ಸೊನ್ನೆಯಾದ ಮೇಲೆ ಮೀನು. ಮಗಳಿಗೆ ಈ ಕೆಲಸ ಕೊಡಿ. ಪುಟ್ಟ ಗಾಜಿನ ನಳಿಗೆಯಲ್ಲಿ ಹನಿ ಹಾಕಿ ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುವುದು ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಪಫರ್ ಗಲೀಜು ಮಾಡಿಕೊಂಡು ತಿನ್ನುವ ಮೀನು. ಹಾಗಾಗಿ ಗಲೀಜನ್ನು ನೊರೆಯ ಜೊತೆ ಎತ್ತಿ ತೆಗೆಯುವ ಪ್ರೊಟೀನ್ ಸ್ಕಿಮ್ಮರ್ ಹಾಕಿಸಿ, ವಾರಕ್ಕೆ ಐದರಲ್ಲೊಂದು ಪಾಲು ನೀರು ಬದಲಿಸಿ. ನೀರು 24ರಿಂದ 27 ಡಿಗ್ರಿ ಇರಲಿ. ಬೆಂಗಳೂರಿನಲ್ಲಿ ನನಗೆ ಒಂದು ಫ್ಯಾನ್ ಸಾಕು. ಕರಾವಳಿಯ ಏಪ್ರಿಲ್, ಮೇ ಸೆಕೆಗೆ ನಿಮಗೆ ಚಿಲ್ಲರ್ ಬೇಕಾಗಬಹುದು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು.

ಇನ್ನು ಹಲ್ಲು. ಇದರ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಪಫರ್ ಸಾಕುವುದು ಅಂದರೆ ಅರ್ಧ ಇದೇ. ಪಫರ್‌ಗೆ ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಹಲ್ಲು. ಅವು ಕೂಡಿಕೊಂಡು ಗಿಣಿಯ ಕೊಕ್ಕಿನಂತೆ ಕಾಣುತ್ತವೆ. ಈ ಕೊಕ್ಕು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಚಿಪ್ಪು ಒಡೆದು ಒಡೆದು ಸವೆಯಬೇಕು. ಒಂದು ವರ್ಷ ನನಗೆ ಕೆಲಸ ಜಾಸ್ತಿ ಇತ್ತು. ಸುಲಿದ ಸಿಗಡಿ ಫ್ರೀಜರ್‌ನಲ್ಲಿಟ್ಟು ಅದನ್ನೇ ತಿಂಗಳುಗಟ್ಟಲೆ ಹಾಕಿದೆ. ಗುಂಡ ಖುಷಿಯಾಗಿ ತಿನ್ನುತ್ತಿತ್ತು, ನಾನು ನೆಮ್ಮದಿಯಾಗಿದ್ದೆ. ಒಂದು ಸಂಜೆ ಬಸವನಹುಳು ಹಾಕಿದೆ. ಬಂತು, ಕಚ್ಚಿತು, ಜಾರಿ ಬಿತ್ತು. ಮತ್ತೆ ಕಚ್ಚಿತು, ಮತ್ತೆ ಬಿತ್ತು. ಮೂರನೇ ಸಲ ಬಿದ್ದ ಹುಳುವನ್ನೇ ನೋಡುತ್ತಾ ನಿಂತಿತು. ಟಾರ್ಚ್ ಹಿಡಿದು ನೋಡಿದರೆ ಮೇಲಿನ ಕೊಕ್ಕು ಕೆಳತುಟಿ ದಾಟಿ ಬಂದಿತ್ತು. ಬಾಯಿ ತೆರೆಯಲು ಜಾಗವೇ ಇರಲಿಲ್ಲ.

ಮೀನಿನ ವೈದ್ಯರೊಬ್ಬರು ಬಂದು ಹಲ್ಲು ಕತ್ತರಿಸಿಕೊಟ್ಟರು. ಟ್ಯಾಂಕಿನದೇ ನೀರು ಒಂದು ಡಬ್ಬಿಗೆ ತೆಗೆದು, ಲವಂಗದ ಎಣ್ಣೆಯನ್ನು ಬೇರೆ ನೀರಿನಲ್ಲಿ ಬಿಳಿಯಾಗುವಷ್ಟು ಕಲಕಿ, ಅದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿದರು. ಕೆಲವು ನಿಮಿಷಕ್ಕೆ ಗುಂಡ ಪಕ್ಕಕ್ಕೆ ವಾಲಿತು. ಕಿವಿರು ಮಾತ್ರ ನಿಧಾನಕ್ಕೆ ಆಡುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಅದನ್ನು ಹಿಡಿದುಕೊಂಡಿದ್ದು ನಾನು. ಅಂಗೈಯಲ್ಲಿ ಅದರ ಮೈ ಎಷ್ಟು ಮೆತ್ತಗಿತ್ತು ಅಂದರೆ, ಪಫರ್‌ಗೆ ಪಕ್ಕೆಲುಬು ಇಲ್ಲ ಅಂತ ಓದಿದ್ದು ಆಗ ಕೈಗೆ ತಿಳಿಯಿತು. ಉಗುರಿನ ಚರ್ಮ ಕತ್ತರಿಸುವ ಪುಟ್ಟ ಕಟ್ಟರ್‌ನಿಂದ ಎರಡು ಸಲ ಕಟಕ್ ಅಂತ ಕತ್ತರಿಸಿದರು, ಅಷ್ಟೇ. ಆಮೇಲೆ ಟ್ಯಾಂಕಿನ ನೀರಿನಲ್ಲಿ ಹಿಡಿದು ಅದು ತಾನಾಗಿ ಈಜುವವರೆಗೆ ಕಾದೆವು. ನನ್ನ ಕೈ ನಡುಗುತ್ತಿತ್ತು. ಮರುದಿನ ಸಂಜೆ ಹುಳುವಿನ ಚಿಪ್ಪು ಒಡೆದ ಸದ್ದು ಸೋಫಾ ಮೇಲಿದ್ದ ನನಗೆ ಕೇಳಿಸಿತು. ದಯವಿಟ್ಟು ಇದನ್ನು ವಿಡಿಯೋ ನೋಡಿ ನೀವೇ ಮಾಡಲು ಹೋಗಬೇಡಿ. ಲವಂಗದ ಎಣ್ಣೆ ಒಂದೆರಡು ಹನಿ ಹೆಚ್ಚಾದರೆ ಮೀನು ಏಳುವುದೇ ಇಲ್ಲ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಇದೆ, ಅಲ್ಲಿ ವಿಚಾರಿಸಿ ತಿಳಿದವರನ್ನು ಹುಡುಕಿಕೊಳ್ಳಿ.

ಅದಕ್ಕಿಂತ ಒಳ್ಳೆಯದು ಹಲ್ಲು ಬೆಳೆಯಲು ಬಿಡದಿರುವುದು. ಈ ವಿಷಯದಲ್ಲಿ ನೀವು ಅದೃಷ್ಟವಂತರು. ನಿಮ್ಮ ಮೀನು ಮಾರ್ಕೆಟ್ಟಿನಲ್ಲಿ ಮರುವಾಯಿ ಅನ್ನುವ ಚಿಪ್ಪುಮೀನು ಸಿಗುತ್ತದೆ. ಸಣ್ಣ ಮರುವಾಯಿ ತೊಳೆದು, ಎರಡು ದಿನ ಫ್ರೀಜರ್‌ನಲ್ಲಿಟ್ಟು, ಬಾಯಿ ಸ್ವಲ್ಪ ಬಿಡಿಸಿ ಚಿಪ್ಪಿನ ಸಮೇತ ಹಾಕಿ. ಸಿಪ್ಪೆ ಇರುವ ಸಿಗಡಿ, ಪುಟ್ಟ ಏಡಿಯ ಕಾಲು, ಬಸವನಹುಳು, ಹೀಗೆ ಬದಲಿಸುತ್ತಿರಿ. ಒಂದೇ ತಿಂಡಿ ವರ್ಷವಿಡೀ ಬೇಡ. ಸಿಗಡಿ, ಚಿಪ್ಪುಮೀನುಗಳ ಕೆಲವು ಜಾತಿಗಳಲ್ಲಿ ಬಿ1 ವಿಟಮಿನ್ ಹಾಳುಮಾಡುವ ಅಂಶ ಇರುತ್ತದೆ, ಹಾಗಾಗಿ ವಾರಕ್ಕೊಮ್ಮೆ ಮೀನಿನ ವಿಟಮಿನ್ ಹನಿಯಲ್ಲಿ ನೆನೆಸಿ ಕೊಡಿ. ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಎಷ್ಟು ಹಾಕಿದರೂ ಇನ್ನೂ ಬೇಕು ಅನ್ನುವ ಮುಖ ಮಾಡುತ್ತದೆ, ಕರಗಬೇಡಿ. ಉದ್ದನೆಯ ಚಿಮಟದಿಂದಲೇ ಕೊಡಬೇಕು. ಚಿಪ್ಪು ಒಡೆಯುವ ಬಾಯಿಗೆ ಮಗುವಿನ ಬೆರಳು ಯಾವ ಲೆಕ್ಕ?

ಮಗಳು ಅದು ಉಬ್ಬುವುದನ್ನು ನೋಡಬೇಕು ಅಂತ ಕೇಳಿಯೇ ಕೇಳುತ್ತಾಳೆ. ಮೊದಲೇ ಕೂರಿಸಿಕೊಂಡು ಹೇಳಿ: ಅದು ಆಟವಲ್ಲ, ಹೆದರಿಕೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ ವ್ಯಾಲೆಂಟಿನಿ ಪಫರ್ ಮೇಲೇ ನಡೆದಿತ್ತು. ಉಬ್ಬಿದಾಗ ಮೀನು ಉಸಿರು ಕಟ್ಟಿಕೊಳ್ಳುವುದಿಲ್ಲ, ಬದಲಿಗೆ ಎಂದಿಗಿಂತ ಎಷ್ಟೋ ಪಟ್ಟು ಹೆಚ್ಚು ಆಮ್ಲಜನಕ ಬಳಸುತ್ತದೆ, ಆ ದಣಿವು ಆರಲು ಗಂಟೆಗಟ್ಟಲೆ ಬೇಕು ಅಂತ ಅದರಲ್ಲಿ ಕಂಡಿತು. ಗುಂಡ ಉಬ್ಬಿದ್ದನ್ನು ಒಂಬತ್ತು ವರ್ಷದಲ್ಲಿ ನಾನು ನೋಡಿದ್ದು ಎರಡೇ ಸಲ. ಟ್ಯಾಂಕಿನಿಂದ ಸಾಗಿಸುವಾಗ ಬಲೆ ಬಳಸಬೇಡಿ, ನೀರಿನೊಳಗೇ ಡಬ್ಬಿಗೆ ಹೊಗಿಸಿ ನೀರಿನ ಸಮೇತ ಎತ್ತಿ. ಗಾಳಿಗೆ ತೆಗೆದರೆ ನೀರಿನ ಬದಲು ಗಾಳಿ ನುಂಗಿ ಉಬ್ಬುತ್ತದೆ. ಆ ಗಾಳಿ ಹೊರಗೆ ಹೋಗದಿದ್ದರೆ ಪ್ರಾಣಕ್ಕೇ ಬರುತ್ತದೆ.

ರೋಗದ ಬಗ್ಗೆ ಒಂದೇ ಮಾತು. ಮೈಮೇಲೆ ಬಿಳಿ ಚುಕ್ಕೆ ಬಂದರೆ ಅಂಗಡಿಯವರು ತಾಮ್ರದ ಮದ್ದು ಕೊಡುತ್ತಾರೆ. ಬೇರೆ ಮೀನುಗಳಂತೆ ಪಫರ್‌ಗೆ ಹುರುಪೆಯ ಕವಚ ಇಲ್ಲ, ತಾಮ್ರ ಅದಕ್ಕೆ ಬೇಗ ತಾಗುತ್ತದೆ. ಕೇಳದೆ ಹಾಕಬೇಡಿ.

ಕೊನೆಗೆ ವಿಷ. ಅದರ ಹೆಸರು ಟೆಟ್ರೋಡೊಟಾಕ್ಸಿನ್. ಮುಖ್ಯವಾಗಿ ಪಿತ್ತಜನಕಾಂಗ, ಮೊಟ್ಟೆಚೀಲ, ಹಲವು ಜಾತಿಗಳಲ್ಲಿ ಚರ್ಮದಲ್ಲಿ ಇರುತ್ತದೆ. ತಿಂದರೆ ಅಪಾಯ. ಬೇಯಿಸಿದರೂ ಹೋಗುವುದಿಲ್ಲ, ಪ್ರತಿಮದ್ದೂ ಇಲ್ಲ. 1975ರಲ್ಲಿ ಜಪಾನಿನ ಕಬುಕಿ ನಟ ಬಂಡೊ ಮಿತ್ಸುಗೊರೊ ಪಫರ್‌ನ ಪಿತ್ತಜನಕಾಂಗ ತಿಂದು ತೀರಿಕೊಂಡರು. ಆದರೆ ಮೀನು ಕಚ್ಚಿದರೆ ವಿಷ ಏರುವುದಿಲ್ಲ. ಗಾಜು ಮುಟ್ಟಿದರೆ, ನೀರಿಗೆ ಕೈ ಹಾಕಿದರೆ ಭಯವಿಲ್ಲ, ಆಮೇಲೆ ಸೋಪು ಹಾಕಿ ಕೈ ತೊಳೆದರೆ ಸಾಕು. ಮೀನು ಸತ್ತರೆ ಮಾತ್ರ ಬೆಕ್ಕು, ನಾಯಿ ಬಾಯಿ ಹಾಕದಂತೆ ಆಳಕ್ಕೆ ಹೂಳಬೇಕು. ಮನೆಗೆ ಬಂದು ಹೋಗುವವರಿಗೂ, ಕೆಲಸದವರಿಗೂ ಇದನ್ನು ಹೇಳಿಡಿ.

ಎರಡಡಿ ಟ್ಯಾಂಕನ್ನು ಎಸೆಯಬೇಡಿ. ಹೊಸ ಮೀನನ್ನು ತಿಂಗಳ ಮಟ್ಟಿಗೆ ಬೇರೆ ಇಟ್ಟು ನೋಡಲು ಅದೇ ಬೇಕಾಗುತ್ತದೆ. ಮೂರಡಿಯದು ತರಿಸಿ ನೀರು ತುಂಬಿಸಿದ ಮೇಲೆ, ಅಮೋನಿಯಾ ಮತ್ತು ನೈಟ್ರೈಟ್‌ನ ಲೆಕ್ಕ ಇಲ್ಲಿ ಬರೆಯಿರಿ. ಮಗಳು ಬರೆದ ಪುಸ್ತಕದ ಫೋಟೊ ಹಾಕಿದರೂ ಆಯಿತು. ನೋಡಿ ಮೀನು ತರಬಹುದಾ ಅಂತ ಹೇಳುತ್ತೇನೆ.